ಸಮುದ್ರದ ನೀರು ತುಂಬಿದ ದಿನವೇ ಸಿಗಡಿ ಬಿಡಬಹುದೇ? ಅಕ್ವೇರಿಯಂಗೆ ಹೆಸರು ತಂದ ಗಾಸ್ ಅವರ ಕತೆ

ಮಲ್ಪೆಯಿಂದ ಮಣಿಪಾಲಕ್ಕೆ ಅರ್ಧ ಗಂಟೆಯ ದಾರಿ. ಹಾಗಾಗಿ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅನ್ನಿಸಿದವರಿಗೆ ಮೊದಲು ಹೊಳೆಯುವುದು ಸುಲಭದ ಉಪಾಯ: ನಾಲ್ಕು ಕ್ಯಾನ್ ಸಮುದ್ರದ ನೀರು ತಂದು ಟ್ಯಾಂಕಿಗೆ ಸುರಿದು, ಅಂಗಡಿಯಿಂದ ತಂದ ಕೆಂಪು-ಬಿಳಿ ಪಟ್ಟೆಯ ಕ್ಲೀನರ್ ಸಿಗಡಿಯನ್ನು ಅಂದೇ ಬಿಟ್ಟುಬಿಡುವುದು. ನೀರೂ ಸಮುದ್ರದ್ದು, ಸಿಗಡಿಯೂ ಸಮುದ್ರದ್ದು, ಇನ್ನೇನು ತೊಂದರೆ? ಆದರೆ ಹೀಗೆ ಬಿಟ್ಟ ಸಿಗಡಿ ಬಹಳ ಸಲ ಕೆಲವೇ ದಿನಗಳಲ್ಲಿ ಸಾಯುತ್ತದೆ. ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ.

ನೀರು ತುಂಬಿದ ಮೇಲೆ ಕಾಯಬೇಕು ಎಂಬುದನ್ನು 1854ರಲ್ಲೇ ಮಾಡಿ ತೋರಿಸಿದವರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ನೀರಿನ ಜೀವಿಗಳನ್ನು ಸಾಕುವ ಗಾಜಿನ ತೊಟ್ಟಿಗೆ ಅಕ್ವೇರಿಯಂ ಎಂಬ ಹೆಸರು ರೂಢಿಗೆ ಬಂದದ್ದು ಇವರಿಂದ. ಅಕ್ವೇರಿಯಂ ಕಂಡುಹಿಡಿದವರೇ ಇವರು ಎಂದು ಕೆಲವೆಡೆ ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಇವರಿಗಿಂತ ಮೊದಲೇ ಇಟಲಿಯ ಮೆಸ್ಸಿನಾದಲ್ಲಿ ಜೀನ್ ವಿಲ್‌ಪ್ರೆ-ಪವರ್, ಲಂಡನ್ನಿನಲ್ಲಿ ಆ್ಯನಾ ಥೈನ್ ಎಂಬ ಇಬ್ಬರು ಮಹಿಳೆಯರು ಕಡಲಜೀವಿಗಳನ್ನು ತೊಟ್ಟಿಯಲ್ಲಿ ಸಾಕಿದ್ದರು. ಸಸ್ಯ ಮತ್ತು ಪ್ರಾಣಿ ಒಂದೇ ತೊಟ್ಟಿಯಲ್ಲಿದ್ದರೆ ಒಂದು ಇನ್ನೊಂದನ್ನು ಉಳಿಸುತ್ತದೆ ಎಂದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರಲ್ಲಿ ತೋರಿಸಿದ್ದರು. ಗಾಸ್ ಮಾಡಿದ್ದು ಅದನ್ನು ಜನರ ಮನೆಗೆ ತಲುಪಿಸುವ ಕೆಲಸ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಪಟ್ಟಣದಲ್ಲಿ. ತಂದೆ ಊರೂರು ಅಲೆದು ಸಣ್ಣ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಮನೆಯಲ್ಲಿ ಹಣವಿರಲಿಲ್ಲ. ಬಾಲ್ಯ ಕಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ಹದಿನೇಳನೇ ವಯಸ್ಸಿಗೇ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಗುಮಾಸ್ತನಾಗಿ ಹೊರಟರು. ಅಲ್ಲಿ ಕೊಂಡ ಸೂಕ್ಷ್ಮದರ್ಶಕದ ಬಗೆಗಿನ ಒಂದು ಹಳೇ ಪುಸ್ತಕ ಅವರನ್ನು ಕೀಟಗಳ ಕಡೆಗೆ ಎಳೆಯಿತು. ಕಾಲೇಜು ಮೆಟ್ಟಿಲು ಹತ್ತದೆ, ಕಣ್ಣಿಂದ ಕಂಡದ್ದನ್ನು ಬರೆದಿಟ್ಟು, ಚಿತ್ರ ಬಿಡಿಸಿ ಕಲಿತವರು ಇವರು. ಕೆನಡಾದಲ್ಲಿ ಬೇಸಾಯ ಕೈಹತ್ತಲಿಲ್ಲ. ಅಮೆರಿಕದ ಅಲಬಾಮಾದಲ್ಲಿ ಕೆಲವು ತಿಂಗಳು ಮೇಷ್ಟ್ರಾಗಿದ್ದು 1839ರಲ್ಲಿ ಊರಿಗೆ ಮರಳಿದರು. ಆಮೇಲೆ ಜಮೈಕಾಕ್ಕೆ ಹೋಗಿ ಅಲ್ಲಿನ ಹಕ್ಕಿಗಳ ಬಗ್ಗೆ ಬರೆದ ಪುಸ್ತಕ ಹೆಸರು ತಂದಿತು.

1852ರಲ್ಲಿ ಆರೋಗ್ಯ ಕೆಟ್ಟು, ಹವಾ ಬದಲಾವಣೆಗೆಂದು ಹೆಂಡತಿ ಎಮಿಲಿ ಮತ್ತು ಪುಟ್ಟ ಮಗನ ಜೊತೆ ಡೆವನ್ ಕರಾವಳಿಗೆ ಹೋದರು. ಕಡಲಿನ ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನೀರು ನಿಲ್ಲುವ ಕುಳಿಗಳಿರುತ್ತವಲ್ಲ, ಅವುಗಳ ಮುಂದೆ ಮಂಡಿಯೂರಿ ಕೂತರು. ನಮ್ಮ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ನಡುವೆ ಇಣುಕಿದವರಿಗೆ ಆ ಕುಳಿಗಳ ಲೋಕ ಗೊತ್ತಿರುತ್ತದೆ. (ಮುಂದೆ ಗಾಸ್ ನೆಲೆಸಿದ ಊರಿನ ಹೆಸರು ಸೇಂಟ್ ಮೇರಿಚರ್ಚ್. ಇದು ಬರೀ ಕಾಕತಾಳೀಯ, ಫಾರ್ವರ್ಡ್ ಮಾಡುವಂಥದ್ದಲ್ಲ!)

1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಒಬ್ಬರು. ಮರುವರ್ಷ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು, ರೈಲು ಕಡಲತೀರದವರೆಗೂ ಬಂದಿತ್ತು. ಮಧ್ಯಮ ವರ್ಗದ ಮನೆಗಳ ಹಜಾರದಲ್ಲಿ ಕಡಲು ಬಂದು ಕೂತಿತು.

ಆದರೆ ಲಂಡನ್ನಿನಿಂದ ಕಡಲು ದೂರ. ನೀರು ತರಿಸುವುದು ದುಬಾರಿ. ಗಾಸ್ ಕಡಲನೀರಿನ ರಾಸಾಯನಿಕ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು, ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ಸಿಹಿನೀರಿಗೆ ಬೆರೆಸಿದರು. ಇಂದು ಅಂಗಡಿಯಲ್ಲಿ ಸಿಗುವ ‘ಮರೈನ್ ಸಾಲ್ಟ್’ ಪ್ಯಾಕೆಟ್‌ನ ಅಜ್ಜ ಇದೇ. ನಮಗೆ ಮುಖ್ಯವಾದದ್ದು ಅವರು ಮುಂದೆ ಮಾಡಿದ ಕೆಲಸ. ಆ ನೀರಿಗೆ ಪ್ರಾಣಿಗಳನ್ನು ಕೂಡಲೇ ಬಿಡಲಿಲ್ಲ. ಮೊದಲು ಹಸಿರು ಕಡಲಪಾಚಿ ಹಿಡಿದ ಕಲ್ಲುಗಳನ್ನು ಇಟ್ಟು, ದಿನಗಳ ಕಾಲ ಕಾದು, ಆಮೇಲೆ ಪ್ರಾಣಿಗಳನ್ನು ಬಿಟ್ಟರು. ಅವು ಬದುಕಿದವು.

ಪಾಚಿ ಆಮ್ಲಜನಕ ಕೊಡುತ್ತದೆ, ಅದಕ್ಕೇ ಪ್ರಾಣಿ ಬದುಕುತ್ತದೆ ಎಂಬುದು ಆ ಕಾಲದ ವಿವರಣೆ. ಅದು ಅರ್ಧ ಸತ್ಯ. ಸಿಗಡಿಯ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ಆದರೆ ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರ್ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗಾಸ್ ಇಟ್ಟ ಪಾಚಿ ಅಮೋನಿಯಾವನ್ನೂ ಹೀರುತ್ತಿತ್ತು, ಆ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾವೂ ಬಂದಿರಬೇಕು. ಇಂಥ ಬ್ಯಾಕ್ಟೀರಿಯಾವನ್ನು ಸರ್ಗೆ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ. ಗಾಸ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಅವರ ಕೊನೆಯ ದಶಕಗಳು ಅಷ್ಟು ಹಿತವಾಗಿರಲಿಲ್ಲ. 1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಟ್ಟಾ ದೈವಭಕ್ತರಾಗಿದ್ದ ಗಾಸ್ ಅದೇ ವರ್ಷ ‘ಓಂಫಲೋಸ್’ ಎಂಬ ಪುಸ್ತಕ ಬರೆದು, ದೇವರು ಭೂಮಿಯನ್ನು ಪಳೆಯುಳಿಕೆಗಳ ಸಮೇತ, ಹಳೆಯದರಂತೆ ಕಾಣುವ ಹಾಗೆಯೇ ಸೃಷ್ಟಿಸಿದ ಎಂದು ವಾದಿಸಿದರು. ಯಾವ ಪುರಾವೆ ತಂದರೂ ಸುಳ್ಳಾಗಲಾರದ ವಾದ ಅದು. ನಮ್ಮ ಕೈಗೆ ಬರುವ ಎಷ್ಟೋ ಫಾರ್ವರ್ಡ್‌ಗಳ ಜಾಯಮಾನವೂ ಇದೇ. ವಿಜ್ಞಾನಿಗಳೂ ಧಾರ್ಮಿಕರೂ ಒಟ್ಟಿಗೇ ಅದನ್ನು ತಳ್ಳಿಹಾಕಿದರು.

ಅದಕ್ಕಿಂತ ಆಳದ ನೋವು ಇನ್ನೊಂದಿತ್ತು. ಅವರ ಪುಸ್ತಕ ಓದಿದ ಜನ ತೀರಕ್ಕೆ ಮುಗಿಬಿದ್ದು ಕುಳಿಗಳನ್ನು ಬರಿದು ಮಾಡಿದರು. ತಂದೆಗೆ ಇದರಿಂದಾದ ಸಂಕಟವನ್ನು ಮಗ ಎಡ್ಮಂಡ್ 1907ರ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಗಾಸ್ ತೀರಿಕೊಂಡದ್ದು 1888ರ ಆಗಸ್ಟ್ 23ರಂದು.

ಈಗ ನಿಮ್ಮ ಟ್ಯಾಂಕಿಗೆ ಬರೋಣ. ಮಲ್ಪೆ ಬಂದರು ಇರುವುದು ಉದ್ಯಾವರ ಹೊಳೆಯ ಅಳಿವೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಸಿಹಿನೀರು ಸೇರಿ ಉಪ್ಪಿನಂಶ ಇಳಿಯುತ್ತದೆ. ದೋಣಿಗಳ ಡೀಸೆಲ್ ವರ್ಷವಿಡೀ ಇದ್ದದ್ದೇ. ಆದ್ದರಿಂದ ಮನೆಯಲ್ಲಿ ಇಡುವವರಿಗೆ ಪ್ಯಾಕೆಟ್ ಉಪ್ಪೇ ವಾಸಿ ಎಂಬುದು ನಮ್ಮ ಅಭಿಪ್ರಾಯ: ಲೀಟರ್‌ಗೆ ಸುಮಾರು 35 ಗ್ರಾಂ, ಕ್ಲೋರಿನ್ ಇಲ್ಲದ ನೀರಿನಲ್ಲಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಸಿಗಡಿ ತರಬೇಡಿ. ತಂದ ಮೇಲೆ ಚೀಲದ ನೀರಿಗೆ ಟ್ಯಾಂಕಿನ ನೀರನ್ನು ಸಣ್ಣ ಪೈಪಿನಿಂದ ತೊಟ್ಟು ತೊಟ್ಟಾಗಿ, ಒಂದೆರಡು ಗಂಟೆ ಬಿಡಿ. ಉಪ್ಪಿನಂಶ ಹಠಾತ್ತನೆ ಬದಲಾದರೆ ಸಿಗಡಿಯ ದೇಹ ತಾಳುವುದಿಲ್ಲ. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧ ಆ ಟ್ಯಾಂಕಿಗೆ ಬೀಳಲೇಬಾರದು. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಒಯ್ಯುವುದು ತಾಮ್ರವೇ ಆದರೂ, ನೀರಿನಲ್ಲಿ ಕರಗಿದ ತಾಮ್ರ ಅದನ್ನು ಕೊಲ್ಲುತ್ತದೆ. ಇನ್ನು, ಅಲಂಕಾರಕ್ಕೆಂದು ಕಡಲಿನಿಂದ ಹವಳ, ಕಡಲಕುದುರೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಬಿಟ್ಟ ಕೆಲವು ದಿನಕ್ಕೆ ತಳದಲ್ಲಿ ಮೀಸೆ, ಕಾಲು ಸಮೇತ ಪಾರದರ್ಶಕ ಸಿಗಡಿಯೊಂದು ಅಲ್ಲಾಡದೆ ಬಿದ್ದಿದ್ದರೆ ಗಾಬರಿಯಾಗಬೇಡಿ. ಒಳಗೆ ಮಾಂಸವಿಲ್ಲದಿದ್ದರೆ ಅದು ಕಳಚಿದ ಪೊರೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಸಿಗಡಿ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ, ಹುಡುಕಲು ಕಲ್ಲು ಎತ್ತಬೇಡಿ.