ಎಂ. ವಿ. ಗೋವಿಂದಸ್ವಾಮಿ

ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಅವರು ಮೈಸೂರು ಸಂಸ್ಥಾನದ ಹೆಸರಾಂತ ಮನೋವೈದ್ಯರು ಹಾಗೂ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಪ್ರಥಮ ನಿರ್ದೇಶಕರು. ಈ ಸಂಸ್ಥೆಯೇ ಮುಂದೆ ನಿಮ್ಹಾನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಮನೋರೋಗಿಗಳನ್ನು ಕೂಡಿಹಾಕುವ ಸ್ಥಳವೆಂದು ಜನರು ಭಾವಿಸಿದ್ದ ಆಸ್ಪತ್ರೆಯನ್ನು ವೈದ್ಯರಿಗೆ ಉನ್ನತ ತರಬೇತಿ ನೀಡುವ ವಿದ್ಯಾಕೇಂದ್ರವಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು.

ಹಿನ್ನೆಲೆ

ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಧಾಮವು 19ನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ಆಸ್ಪತ್ರೆಯು ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸ್ಥಳಾಂತರಗೊಂಡಿತು. ಆಗ ಡಾ. ಫ್ರಾಂಕ್ ನೊರೊನ್ಹಾ ಅವರು ಅದರ ಮೇಲ್ವಿಚಾರಕರಾಗಿದ್ದರು. ಅವರ ತರುವಾಯ ಈ ಹೊಣೆಯನ್ನು ಗೋವಿಂದಸ್ವಾಮಿ ವಹಿಸಿಕೊಂಡರು.

ವಿದೇಶದಲ್ಲಿ ತರಬೇತಿ

ಆ ಕಾಲದಲ್ಲಿ ಮನಸ್ಸು ಮತ್ತು ಮಿದುಳಿನ ರೋಗಗಳಲ್ಲಿ ಪರಿಣತಿ ಪಡೆಯಲು ಭಾರತದಲ್ಲಿ ಇದ್ದ ಸೌಕರ್ಯ ಅತ್ಯಲ್ಪ. ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿಯೂ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿಯೂ ತರಬೇತಿ ಪಡೆದರು. ರೋಗಿಯ ದೇಹಸ್ಥಿತಿ, ಮನಸ್ಸು ಮತ್ತು ಬದುಕಿನ ಸಂದರ್ಭ ಇವನ್ನೆಲ್ಲ ಒಟ್ಟಾಗಿ ಪರಿಶೀಲಿಸಬೇಕೆಂಬ ಅಡಾಲ್ಫ್ ಮೆಯರ್ ಅವರ ಪದ್ಧತಿಗೆ ಜಾನ್ಸ್ ಹಾಪ್ಕಿನ್ಸ್ ಹೆಸರಾಗಿತ್ತು. ಭಾರತೀಯ ದರ್ಶನಗಳಲ್ಲಿಯೂ ಗೋವಿಂದಸ್ವಾಮಿಯವರಿಗೆ ಆಳವಾದ ಆಸಕ್ತಿಯಿತ್ತು.

ಚಿಕಿತ್ಸೆ ಮತ್ತು ಸಂಶೋಧನೆ

ಮನೋರೋಗಗಳಿಗೆ ಪರಿಣಾಮಕಾರಿ ಔಷಧಗಳು ಇನ್ನೂ ಬಂದಿರದ ಕಾಲವದು. ಯೂರೋಪಿನಲ್ಲಿ ಆಗತಾನೆ ಬಳಕೆಗೆ ಬಂದಿದ್ದ ಕಾರ್ಡಿಯಜೋಲ್ ಚಿಕಿತ್ಸೆಯನ್ನು ಅವರು ಬೆಂಗಳೂರಿನಲ್ಲಿ ಪ್ರಯೋಗಿಸಿದರು. ಔಷಧದಿಂದ ಸೆಳೆತ ಬರಿಸುವುದು ಈ ಚಿಕಿತ್ಸೆಯ ಕ್ರಮ. 1940ರ ದಶಕದ ಆರಂಭದಲ್ಲಿ ಶಸ್ತ್ರವೈದ್ಯ ಡಾ. ಬಾಲಕೃಷ್ಣ ರಾವ್ ಅವರೊಡನೆ ಸೇರಿ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕೋಟಮಿ ಶಸ್ತ್ರಚಿಕಿತ್ಸೆಯನ್ನು ಕೈಗೊಂಡು, ಅದರ ಫಲಿತಾಂಶಗಳನ್ನು 1944ರಲ್ಲಿ ಪ್ರಕಟಿಸಿದರು. ಈ ಶಸ್ತ್ರಚಿಕಿತ್ಸೆಯಿಂದ ರೋಗಿಯ ವ್ಯಕ್ತಿತ್ವಕ್ಕೆ ಆಗುವ ಹಾನಿ ಕ್ರಮೇಣ ಮನವರಿಕೆಯಾದುದರಿಂದಲೂ 1950ರ ದಶಕದಲ್ಲಿ ಹೊಸ ಔಷಧಗಳು ದೊರೆತುದರಿಂದಲೂ ಜಗತ್ತಿನಾದ್ಯಂತ ಅದರ ಬಳಕೆ ಕುಗ್ಗಿತು.

ಅಖಿಲ ಭಾರತ ಸಂಸ್ಥೆ

ಭೋರ್ ಸಮಿತಿಯು 1946ರ ತನ್ನ ವರದಿಯಲ್ಲಿ ದೇಶದ ಮಾನಸಿಕ ಆಸ್ಪತ್ರೆಗಳ ದುಃಸ್ಥಿತಿಯನ್ನೂ ತರಬೇತಾದ ವೈದ್ಯರ ಕೊರತೆಯನ್ನೂ ಎತ್ತಿ ತೋರಿಸಿತು. ಇದರ ಫಲವಾಗಿ 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. 1955ರಲ್ಲಿ ವೈದ್ಯರಿಗೆ ಮನೋವೈದ್ಯಶಾಸ್ತ್ರದ ಡಿಪ್ಲೊಮಾ, ಮನಶ್ಶಾಸ್ತ್ರ ಪದವೀಧರರಿಗೆ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಆರಂಭವಾದವು. ಆನಂತರ ಮನೋವೈದ್ಯಕೀಯ ಶುಶ್ರೂಷೆಯ ತರಬೇತಿಯೂ ಸೇರಿಕೊಂಡಿತು. ಹೀಗೆ ಮೂರು ವೃತ್ತಿಗಳವರು ಒಂದೇ ಆವರಣದಲ್ಲಿ, ಅದೇ ರೋಗಿಗಳ ನಡುವೆ ಕಲಿಯುವಂತಾಯಿತು.

ನರವಿಜ್ಞಾನದ ತರಬೇತಿ

ಮೂರ್ಛೆರೋಗ ಅಥವಾ ಮಿದುಳಿನ ಗಡ್ಡೆಯುಳ್ಳವರಲ್ಲಿ ಮನೋರೋಗದ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದುದರಿಂದ ಮನೋವೈದ್ಯರಿಗೆ ನರರೋಗಗಳ ಪರಿಚಯವೂ ಅವಶ್ಯಕ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ವಿಧಾನವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದರು. ಇದು ಮೂರ್ಛೆರೋಗದ ನಿದಾನದಲ್ಲಿ ಮುಖ್ಯ ಸಾಧನವಾಯಿತು. ಯಂತ್ರವು ಅಲೆಗಳನ್ನು ಬರೆಯುತ್ತದೆ. ಆದರೆ ಸಹಜ ಅಲೆ ಯಾವುದು, ರೋಗಸೂಚಕ ಯಾವುದು, ಕಣ್ಣು ಮಿಟುಕಿಸಿದ್ದರಿಂದ ಮೂಡಿದ ಗೆರೆ ಯಾವುದು ಎಂದು ನಿರ್ಣಯಿಸಲು ಅನುಭವಿ ಗುರುಗಳ ಬಳಿ ದೀರ್ಘಕಾಲ ಅಭ್ಯಾಸ ಬೇಕು. 1958ರಲ್ಲಿ ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮ ಅವರು ಸೇರಿದ ಮೇಲೆ ಸಂಸ್ಥೆಯಲ್ಲಿ ನರವಿಜ್ಞಾನ ವಿಭಾಗಗಳು ಬೆಳೆದವು.

ನಿಧನ ಮತ್ತು ಕೊಡುಗೆ

ಗೋವಿಂದಸ್ವಾಮಿಯವರು 1961ರಲ್ಲಿ ನಿಧನರಾದರು. 1974ರ ಡಿಸೆಂಬರ್ 27ರಂದು ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆಗಳು ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ರೂಪುಗೊಂಡಿತು. 1994ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2012ರ ಕಾಯಿದೆಯು ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯನ್ನಾಗಿಸಿತು. ಇಂದು ಅಲ್ಲಿ ನರಶಾಸ್ತ್ರದ ಉನ್ನತ ಪದವಿಗೆ ಓದುವ ವೈದ್ಯರು ಇಇಜಿ, ನರವಾಹಕ ಪರೀಕ್ಷೆ ಹಾಗೂ ಸ್ನಾಯುಗಳ ವಿದ್ಯುತ್ ಪರೀಕ್ಷೆಗಳಲ್ಲಿ ಅಭ್ಯಾಸ ಪಡೆಯುತ್ತಾರೆ. ಆ ಪದವಿಯ ಬಳಿಕ ಒಂದೊಂದು ಶಾಖೆಯಲ್ಲಿ ವಿಶೇಷ ಫೆಲೋಶಿಪ್ ಮಾಡುವ ಅವಕಾಶವೂ ಇದೆ. ಗೋವಿಂದಸ್ವಾಮಿಯವರು ಹೊರದೇಶಗಳಿಗೆ ಹೋಗಿ ಪಡೆಯಬೇಕಾಗಿದ್ದಂತಹ ತರಬೇತಿ, ಅವರು ಕಟ್ಟಿದ ಸಂಸ್ಥೆಯ ಮೂಲಕ ಮುಂದಿನ ಪೀಳಿಗೆಯ ವೈದ್ಯರಿಗೆ ಬೆಂಗಳೂರಿನಲ್ಲಿಯೇ ಲಭಿಸಿತು.