ದೀಪ ಹಿಡಿದು ಲೆಕ್ಕ ಬರೆದ ಫ್ಲಾರೆನ್ಸ್ ನೈಟಿಂಗೇಲ್

ಕ್ಯಾಲನೂರಿನ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ, ನರ್ಸಿಂಗ್ ಕಲಿತು, ಈಗ ಅದನ್ನೇ ಕಲಿಸುತ್ತಿರುವವಳು ನಾನು. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆಯಲು ಹೇಳಿದಾಗ ಮೊದಲು ನೆನಪಾದವರು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಅವರ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಅವರು ಬರೆದಿಟ್ಟ ಲೆಕ್ಕಗಳ ವಿಷಯ ತಿಳಿದವರು ಕಡಿಮೆ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಮನೆತನದಲ್ಲಿ ಅವರು ಹುಟ್ಟಿದರು. ಊರಿನ ಹೆಸರನ್ನೇ ಮಗುವಿಗೂ ಇಟ್ಟರು. ಚಿಕ್ಕಂದಿನಿಂದ ಗಣಿತವೆಂದರೆ ಅವರಿಗೆ ಬಹಳ ಇಷ್ಟ. ದಾದಿಯಾಗುತ್ತೇನೆಂದಾಗ ಮನೆಯವರು ಒಪ್ಪಲಿಲ್ಲ. ಆಗ ಅದು ಮರ್ಯಾದಸ್ಥರ ಕೆಲಸ ಎನಿಸಿರಲಿಲ್ಲ. ಆದರೂ ಹಟ ಬಿಡದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ 38 ಮಹಿಳೆಯರೊಂದಿಗೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ಹಗಲಿರುಳು ದುಡಿದರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿ ತೊಳೆಸಿ, ಗಾಳಿ ನೀರು ಸರಿಪಡಿಸಿದ ಮೇಲೆ ಸಾವು ಇಳಿಯಿತು. ಯುದ್ಧ ಮುಗಿದ ಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕೂತು ಲೆಕ್ಕ ಹಾಕಿದರು. ಗಾಯದಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತವರೇ ಬಹಳ ಹೆಚ್ಚು. ತಾವು ದುಡಿದ ಆಸ್ಪತ್ರೆಯ ಆ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಬಣ್ಣದ ನಕ್ಷೆ ಮಾಡಿ ಸರ್ಕಾರದ ಮುಂದಿಟ್ಟರು.

ಇದರ ಬೆಲೆ ನನಗೆ ಗೊತ್ತಾದದ್ದು ಕಲಿಯುವ ದಿನಗಳ ಒಂದು ರಾತ್ರಿ ಪಾಳಿಯಲ್ಲಿ. ಒಬ್ಬ ತಾತನ ಉಸಿರನ್ನು ಎಣಿಸದೆ, ಹಿಂದಿನ ಪಾಳಿಯವರು ಬರೆದಿದ್ದ 20ನ್ನೇ ಚಾರ್ಟಿನಲ್ಲಿ ಬರೆದುಬಿಟ್ಟೆ. ತಾತ ಮಲಗಿದ್ದಾರೆ, ಎಬ್ಬಿಸುವುದೇಕೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದ ಹಿರಿಯ ಸಿಸ್ಟರ್ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು. 34 ಇತ್ತು. ಕೂಡಲೇ ಡಾಕ್ಟರನ್ನು ಕರೆಸಿದರು, ಆಕ್ಸಿಜನ್ ಹಾಕಿಸಿದರು. ತಾತ ಉಳಿದರು. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. ಒಳಗೆ ಕಾಯಿಲೆ ಬಿಗಡಾಯಿಸಿದರೆ ಎಷ್ಟೋ ಸಲ ಮೊದಲು ಏರುವುದು ಉಸಿರೇ. ಇದು ನನಗೆ ಪಾಠದಲ್ಲಿ ಗೊತ್ತಿತ್ತು. ಮಂಚದ ಪಕ್ಕದಲ್ಲಿ ಮರೆತಿದ್ದೆ. ತಪ್ಪನ್ನು ಸಿಸ್ಟರ್ ಹತ್ತಿರ ಒಪ್ಪಿಕೊಂಡೆ.

ಆಗ ಅಮ್ಮ ನೆನಪಾದರು. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಅಮ್ಮ ನಡುರಾತ್ರಿ ಎದ್ದು ಒಂದೊಂದೇ ತಟ್ಟೆ ನೋಡುತ್ತಿದ್ದರು. ಹುಳು ಸೊಪ್ಪು ತಿನ್ನುವುದು ಕಡಿಮೆಯಾದರೆ ಬೇರೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ ದಾದಿಯರಿಗೆ ಹೇಳಿದ್ದೂ ಇದನ್ನೇ. ರೋಗಿ ಪರವಾಗಿಲ್ಲ ಎಂದರೆ ಸಾಲದು. ಎಷ್ಟು ಹೊತ್ತು ನಿದ್ದೆ ಮಾಡಿದ, ಎಷ್ಟು ಉಂಡ ಎಂಬುದನ್ನು ಕಣ್ಣಾರೆ ನೋಡಿ ಹೇಳಬೇಕು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ಶುರುವಾಯಿತು.

ಅವರು ಭಾರತಕ್ಕೆ ಬರಲೇ ಇಲ್ಲ. ಆದರೂ ಇಲ್ಲಿನ ದಂಡು ಪ್ರದೇಶಗಳಿಂದ ತರಿಸಿದ ವರದಿಗಳನ್ನು ಓದಿ ಅವರು ಬರೆದ ಟಿಪ್ಪಣಿ 1863ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಇದೆ. ಕುಡಿಯುವ ಆ ಕೆರೆಗೆ ಬಜಾರಿನ ಕೊಳಕು ಬಂದು ಬೀಳುತ್ತಿರುವುದನ್ನು ಎತ್ತಿ ತೋರಿಸಿದರು. ಕೆರೆ ನಂಬಿ ಬದುಕಿದ ಕೋಲಾರ ಸೀಮೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮ ಶಾಲೆಯಿಂದ ನರ್ಸಿಂಗ್‌ಗೆ ಹೋಗುವ ಮಕ್ಕಳಿಗೆ ನನ್ನದೊಂದೇ ಕೋರಿಕೆ. ಕರುಣೆ ಇರಲಿ, ಅದರ ಜೊತೆಗೆ ಎಣಿಸುವ ಅಭ್ಯಾಸವೂ ಇರಲಿ. ನೋಡದೆ ಏನನ್ನೂ ಬರೆಯಬೇಡಿ. ಅನುಮಾನ ಬಂದರೆ, ನಡುರಾತ್ರಿಯಾದರೂ ಸರಿ, ಹಿರಿಯರನ್ನು ಕರೆಯಿರಿ.