ಅಮೃತಾ ಶೇರ್‌ಗಿಲ್: ಬಾಗಿದ ಕಣ್ಣುಗಳ ಚಿತ್ರಕಾರ್ತಿ

1913ರ ಜನವರಿ 30ರಂದು ಬುಡಾಪೆಸ್ಟ್‌ನಲ್ಲಿ ಜನಿಸಿದ ಅಮೃತಾ ಶೇರ್‌ಗಿಲ್ ಅವರ ತಂದೆ ಪಂಜಾಬಿನ ಸಿಖ್ ಸಿರಿವಂತರು, ತಾಯಿ ಹಂಗೇರಿಯವರು. ಪ್ಯಾರಿಸ್‌ನಲ್ಲಿ ಕಲಾಭ್ಯಾಸ ಮಾಡಿ ಮನ್ನಣೆ ಗಳಿಸಿದ ಅವರು 1934ರಲ್ಲಿ ಭಾರತಕ್ಕೆ ಮರಳಿದರು.

ಮರುವರ್ಷ ರಚಿಸಿದ 'ಮೂವರು ಹುಡುಗಿಯರು' ಕಲಾ ವಿದ್ಯಾರ್ಥಿಗಳು ಬಹುಹೊತ್ತು ನಿಂತು ನೋಡಬೇಕಾದ ಚಿತ್ರ. ತರುಣಿಯರು ಸುಮ್ಮನೆ ಕುಳಿತಿದ್ದಾರೆ. ಹಿನ್ನೆಲೆಯಲ್ಲಿ ಮನೆಯಿಲ್ಲ, ಕೈಯಲ್ಲಿ ಕೆಲಸವಿಲ್ಲ, ದೃಷ್ಟಿ ಕೆಳಗೆ. ರಾಜಾ ರವಿವರ್ಮರ ನಾಯಕಿಯರಂತೆ ನೋಡುಗರಿಗಾಗಿ ಸಿಂಗರಿಸಿಕೊಂಡವರಲ್ಲ ಇವರು. ದಕ್ಷಿಣ ಭಾರತ ಪ್ರವಾಸದ ಬಳಿಕ, 1937ರಲ್ಲಿ ಮೂಡಿದ 'ವಧುವಿನ ಅಲಂಕಾರ'ದಲ್ಲೂ ಮದುಮಗಳ ಮುಖದಲ್ಲಿ ಸಂಭ್ರಮ ಕಾಣದು.

1929ರ ಶಾರದಾ ಕಾಯ್ದೆ ಹೆಣ್ಣಿನ ಕನಿಷ್ಠ ವಿವಾಹ ವಯಸ್ಸನ್ನು 14ಕ್ಕೆ ನಿಗದಿಪಡಿಸಿತೆಂಬುದು ಚರಿತ್ರೆಯ ಪಠ್ಯದಲ್ಲಿ ದೊರೆಯುತ್ತದೆ. ಹಸೆಮಣೆ ಏರುವವಳ ಮನಸ್ಸಿನ ಸುಳಿವು ದೊರೆಯುವುದು ಇಂತಹ ಚಿತ್ರಗಳಲ್ಲಿ.

ಅಮೃತಾ ಮಾತ್ರ ಹೆತ್ತವರ ವಿರೋಧವನ್ನು ಲೆಕ್ಕಿಸದೆ 1938ರಲ್ಲಿ ವಿಕ್ಟರ್ ಈಗನ್ ಅವರನ್ನು ವರಿಸಿದರು. ಇಷ್ಟು ಸ್ವತಂತ್ರವಾಗಿ ಬದುಕಿದವರು ಆ ಹೆಣ್ಣುಮಕ್ಕಳ ಅಂತರಂಗವನ್ನು ಎಷ್ಟು ಬಲ್ಲರು? ಈ ಪ್ರಶ್ನೆಯನ್ನು ಕೇಳದೆ ಅವರ ಕಲೆಯ ಅಧ್ಯಯನ ಪೂರ್ಣವಾಗದು.

1941ರ ಡಿಸೆಂಬರ್ 5ರಂದು ಲಾಹೋರ್‌ನಲ್ಲಿ ನಿಧನರಾದಾಗ ಅವರಿಗೆ ಕೇವಲ 28 ವರ್ಷ. ಅವರ ಹಲವು ಕೃತಿಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ.